ಚಲಿಸುವ ಮನೆಯ ಬೆಳಕಿಂಡಿ

ಜರ್ಮನಿಯ ಸ್ಟುಟ್‌ಗಾರ್ಟ್ ನಗರದಿಂದ ಉಲ್ಮ್ ಪಟ್ಟಣದ ಕಡೆಗೆ ಹೋಗುವ ಎ-8 ಹೆದ್ದಾರಿಯು ಸ್ವಾಬಿಯನ್ ಆಲ್ಪ್ ಎಂಬ ಸುಣ್ಣಕಲ್ಲಿನ ಬೆಟ್ಟಸಾಲನ್ನು ಏರಿ ಮೇಲಿನ ಬಯಲನ್ನು ಮುಟ್ಟಿದೊಡನೆ, ಅದುವರೆಗೆ ಏದುಸಿರು ಬಿಡುತ್ತ ತೆವಳಿದ ಭಾರದ ವಾಹನಗಳೆಲ್ಲ ಮೈಕೊಡವಿ ಓಡತೊಡಗುತ್ತವೆ. ನನ್ನ ಮಗಳು ಅಳಿಯಂದಿರ ಹಳೆಯ ಮೋಟರ್‌ಹೋಮು ತನ್ನ ಸಿಳ್ಳನ್ನು ಆರಂಭಿಸುತ್ತಿದ್ದುದು ಸರಿಯಾಗಿ ಆ ಸ್ಥಳದಲ್ಲಿ. ಗಂಟೆಗೆ 80 ಕಿಲೋಮೀಟರ್ ವೇಗದವರೆಗೆ ಸುಮ್ಮನಿದ್ದ ಚಾವಣಿಯು 90ರ ಗಡಿಯನ್ನು ದಾಟುತ್ತಲೇ, ಯಾರೋ ಬಾಟಲಿಯ ಬಾಯಿಗೆ ತುಟಿಯಿಟ್ಟು ಊದಿದಂತೆ ಒಂದು ದೀರ್ಘವಾದ ನಾದವನ್ನು ಹೊರಡಿಸುವುದು, ವೇಗ ಹೆಚ್ಚಿದಂತೆ ಅದು ತಾರಕಕ್ಕೇರಿ, ಹಿಂದಿನ ಆಸನದಲ್ಲಿ ನಿದ್ರಿಸುತ್ತಿದ್ದ ಮೊಮ್ಮಗಳು ಎಚ್ಚೆತ್ತು ಕಿವಿ ಮುಚ್ಚಿಕೊಳ್ಳುವಳು, ಅಳಿಯ ವೇಗವನ್ನು ತಗ್ಗಿಸುವನು, ನಾದವು ಅಡಗುವುದು. ಎರಡು ಬೇಸಗೆಗಳ ಕಾಲ ಅವರು ಇದನ್ನು ಸಹಿಸಿಕೊಂಡಿದ್ದರು, ರೇಡಿಯೋವನ್ನು ದೊಡ್ಡದಾಗಿ ಹಚ್ಚಿ ಅದನ್ನು ಮರೆಸಲು ಪ್ರಯತ್ನಿಸಿದ್ದರು. ವೃತ್ತಿಜೀವನದ ಬಹುಭಾಗವನ್ನು ಕಟ್ಟಡಗಳ ಸೋರುವ ಸೂರುಗಳ ಕೆಳಗೆ ನಿಂತು ಕಳೆದ ನನಗೆ, ಚಾವಣಿಯಿಂದ ಬರುವ ಸದ್ದನ್ನು ಮತ್ತೊಂದು ಸದ್ದಿನಿಂದ ಮುಚ್ಚುವುದು ಸರಿಯೆಂದು ತೋರಲಿಲ್ಲ. ಗಾಳಿಗೆ ದಾರಿ ಸಿಕ್ಕಿರುವ ಕಡೆ ನೀರಿಗೂ ದಾರಿ ಸಿಕ್ಕಿರುವ ಸಂಭವವುಂಟು.

ಬೆಳಕಿಂಡಿ ಎಂದೊಡನೆ ಕನ್ನಡ ಓದುಗರ ಕಣ್ಣಮುಂದೆ ಬರುವುದು ಹೆಂಚಿನ ಮನೆಯ ಅಡುಗೆಕೋಣೆಯಲ್ಲಿ, ಹೊಗೆಯ ನಡುವೆ ಓರೆಯಾಗಿ ಇಳಿದು ನೆಲದ ಮೇಲೆ ಒಂದು ಬಿಳಿಯ ಚೌಕವನ್ನು ಹಾಸುವ ಗಾಜಿನ ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ನಮ್ಮ ಕರಾವಳಿ ಮಲೆನಾಡುಗಳ ಮನೆಗಳಿಗೆ ಒದಗಿಬಂದ ಆ ಹೆಂಚಿನ ಮರ್ಮವನ್ನು ಇಲ್ಲಿ ನೆನೆಯುವುದು ಅವಶ್ಯ. ಮೇಲಿನ ಹೆಂಚು ಕೆಳಗಿನದರ ಮೇಲೆ ಚಾಚಿಕೊಂಡಿರುವುದರಿಂದ, ಮಾಡು ಇಳಿಜಾರಾಗಿರುವುದರಿಂದ, ಮಳೆಯ ನೀರು ತನ್ನ ಭಾರದಿಂದಲೇ ಕೆಳಗಿಳಿದು ಹೋಗುವುದೇ ಹೊರತು ಒಳಕ್ಕೆ ನುಗ್ಗುವುದಿಲ್ಲ. ಅಲ್ಲಿ ಅಂಟಿಲ್ಲ, ಅರಗಿಲ್ಲ, ತಿರುಪಿಲ್ಲ. ಗಾಜಿನ ಹೆಂಚೂ ಮಣ್ಣಿನ ಹೆಂಚಿನ ಆಕಾರವನ್ನೇ ತಳೆದು ಸಾಲಿನಲ್ಲಿ ಒಂದಾಗಿ ಕುಳಿತಿರುವುದು. ಮೋಟರ್‌ಹೋಮಿನ ಬೆಳಕಿಂಡಿಗೆ ಈ ಭಾಗ್ಯವಿಲ್ಲ. ಅದು ಕುಳಿತಿರುವುದು ಹೆಚ್ಚುಕಡಮೆ ಸಮತಟ್ಟಾದ ಚಾವಣಿಯಲ್ಲಿ ಕೊರೆದ ಒಂದು ತೂತಿನ ಮೇಲೆ. ಆ ಚಾವಣಿಯಾದರೋ ಹೊರಗೆ ತೆಳುವಾದ ಅಲ್ಯುಮಿನಿಯಂ ಅಥವಾ ಫೈಬರ್ ಗ್ಲಾಸಿನ ತಗಡು, ನಡುವೆ ಬುರುಗಿನ ಹಲಗೆ, ಒಳಗೆ ತೆಳ್ಳನೆಯ ಪ್ಲೈವುಡ್ಡು, ಇವು ಮೂರನ್ನು ಒತ್ತಿ ಅಂಟಿಸಿದ್ದು. ಅದರ ಮೇಲೆ ಇಡೀ ಮನೆ ವರ್ಷಕ್ಕೆ ಸಾವಿರಾರು ಕಿಲೋಮೀಟರ್ ಅಲುಗುತ್ತ ಓಡುವುದು. ಇಳಿಜಾರು ಮಾಡುವ ಕೆಲಸವನ್ನೆಲ್ಲ ಇಲ್ಲಿ ಒಂದು ಬೆರಳಗಲದ ಅಂಟು ಮಾಡಬೇಕಾಗಿದೆ.

ಹಳೆಯ ಕಾಲದವರು ಈ ಕಷ್ಟವನ್ನು ಅರಿತಿದ್ದರೆಂದು ತೋರುತ್ತದೆ. ಇಂಗ್ಲೆಂಡಿನ ರೋಮಾನಿ ಅಲೆಮಾರಿಗಳ ಕುದುರೆಬಂಡಿಗಳಲ್ಲಿಯೂ ಅವನ್ನು ಅನುಸರಿಸಿ ಹುಟ್ಟಿದ ವಿಹಾರದ ಕ್ಯಾರವಾನುಗಳಲ್ಲಿಯೂ ಚಾವಣಿಯ ನಡುಭಾಗವನ್ನು ಪೆಟ್ಟಿಗೆಯಂತೆ ಎತ್ತರಿಸಿ, ಅದರ ಇಕ್ಕೆಲಗಳಲ್ಲಿ ಸಣ್ಣ ಗಾಜಿನ ಕಿಟಕಿಗಳನ್ನು ನೆಟ್ಟಗೆ ನಿಲ್ಲಿಸುತ್ತಿದ್ದರು. ನಿಂತ ಗಾಜಿನ ಮೇಲೆ ನೀರು ನಿಲ್ಲುವುದಿಲ್ಲವಷ್ಟೆ. ಗಾಜನ್ನು ಮಲಗಿಸುವ ಧೈರ್ಯ ಬಂದುದು ಪ್ಲಾಸ್ಟಿಕ್ಕು ಬಂದ ಮೇಲೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಆಟೊ ರೋಮ್ 1933ರಲ್ಲಿ ಪ್ಲೆಕ್ಸಿಗ್ಲಾಸ್ ಎಂಬ ಹೆಸರನ್ನು ನೋಂದಾಯಿಸಿದ ಅಕ್ರಿಲಿಕ್ ಎಂಬ ಪಾರದರ್ಶಕ ವಸ್ತುವು ಗಾಜಿನ ಅರ್ಧದಷ್ಟು ತೂಕದ್ದು, ಬಿಸಿಮಾಡಿದರೆ ಗುಮ್ಮಟದಂತೆ ಬಾಗತಕ್ಕದ್ದು, ಬಿಸಿಲಿಗೆ ಬಹುಕಾಲ ಹಳದಿಯಾಗದೆ ಉಳಿಯುವಂಥದ್ದು. ಇಂದು ಯುರೋಪಿನ ಮೋಟರ್‌ಹೋಮುಗಳ ಚಾವಣಿಯ ಮೇಲೆ ಕಾಣುವ ಮುಚ್ಚಳಗಳಲ್ಲಿ ಬಹುಪಾಲು ಈ ಅಕ್ರಿಲಿಕ್ಕಿನ ಎರಡು ಪದರಗಳಿಂದಾದವು. ಅಡುಗೆಕಟ್ಟೆ ಮತ್ತು ಸ್ನಾನದ ಕೋಣೆಗಳ ಮೇಲೆ ಸಾಮಾನ್ಯವಾಗಿ 40 ಸೆಂಟಿಮೀಟರ್ ಚೌಕದ ತೂತು. ಕೂರುವ ಜಾಗದ ಮೇಲೆ 70ಕ್ಕೆ 50, ಕೆಲವು ವಾಹನಗಳಲ್ಲಿ 96ಕ್ಕೆ 65.5 ಸೆಂಟಿಮೀಟರಿನಷ್ಟು ದೊಡ್ಡದೂ ಉಂಟು. ಅಮೆರಿಕದಲ್ಲಿ 14 ಅಂಗುಲದ ಚೌಕವೇ ವಾಡಿಕೆ. ಈ ಅಳತೆಗಳು ರೂಢಿಯಾಗಿ ನಿಂತಿರುವುದು ದುರಸ್ತಿಮಾಡುವವರ ಪುಣ್ಯ. ಒಬ್ಬ ತಯಾರಕರ ಬೆಳಕಿಂಡಿ ಹೋದರೆ ಮತ್ತೊಬ್ಬರದನ್ನು ಅದೇ ತೂತಿನಲ್ಲಿ ಕೂರಿಸಬಹುದು.

ಇನ್ನು ಆ ಸಿಳ್ಳಿನ ವಿಚಾರ. ಗಾಳಿಯು ಅಡ್ಡಬಂದ ಅಂಚನ್ನು ದಾಟುವಾಗ ಅದರ ಹಿಂದೆ ಸಣ್ಣ ಸಣ್ಣ ಸುಳಿಗಳು ಒಂದಾದ ಮೇಲೊಂದು ಕಳಚಿಕೊಳ್ಳುತ್ತವೆ. ಈ ಕಳಚುವಿಕೆಯ ಲಯವೇ ನಾದವಾಗಿ ಕೇಳುತ್ತದೆ. ಚೆಕ್ ವಿಜ್ಞಾನಿ ವಿನ್ಸೆಂಟ್ಸ್ ಸ್ಟ್ರೌಹಾಲ್ 1878ರಲ್ಲಿ ತಂತಿಗಳನ್ನು ಗಾಳಿಯಲ್ಲಿ ಬೀಸಿ ಕಂಡುಕೊಂಡ ನಿಯಮದಂತೆ, ಗಾಳಿಯ ವೇಗವನ್ನು ಅಡ್ಡಬಂದ ವಸ್ತುವಿನ ದಪ್ಪದಿಂದ ಭಾಗಿಸಿ, ಬಂದುದರ ಐದನೆಯ ಒಂದು ಭಾಗವನ್ನು ತೆಗೆದುಕೊಂಡರೆ ಸೆಕೆಂಡಿಗೆ ಎಷ್ಟು ಕಂಪನಗಳೆಂಬುದು ಸ್ಥೂಲವಾಗಿ ದೊರೆಯುತ್ತದೆ. ಗಂಟೆಗೆ 90 ಕಿಲೋಮೀಟರೆಂದರೆ ಸೆಕೆಂಡಿಗೆ 25 ಮೀಟರ್. 5 ಮಿಲಿಮೀಟರ್ ದಪ್ಪದ ಒಂದು ಅಂಚು ಅದಕ್ಕೆ ಎದುರಾದರೆ ಸುಮಾರು 1000 ಕಂಪನಗಳ ನಾದ ಹೊರಡಬೇಕು. ಎಳೆಯ ಕಿವಿಯನ್ನು ಇರಿಯುವುದಕ್ಕೆ ಅಷ್ಟು ಸಾಕು. ಅದರ ಜೊತೆಗೆ ಮುಚ್ಚಳಕ್ಕೂ ಒಳಗಿನ ಪರದೆಗೂ ನಡುವೆ ಇರುವ ಪೊಳ್ಳು, ಖಾಲಿ ಬಾಟಲಿಯ ಹೊಟ್ಟೆಯಂತೆ, ತನಗೆ ಒಪ್ಪುವ ಒಂದು ಸ್ವರವನ್ನು ಆರಿಸಿಕೊಂಡು ಅದನ್ನು ಉಬ್ಬಿಸುತ್ತದೆ. ನಮ್ಮ ವಾಹನದ ನಾದವು ಒಂದು ನಿರ್ದಿಷ್ಟ ವೇಗದಲ್ಲಿಯೇ ಥಟ್ಟನೆ ಹುಟ್ಟುತ್ತಿದ್ದುದಕ್ಕೆ ಕಾರಣ ಇದೇ: ಸುಳಿಗಳ ಲಯವು ಪೊಳ್ಳಿನ ಸ್ವರಕ್ಕೆ ಕೂಡಿಕೊಂಡ ಗಳಿಗೆ ಅದು. ವೇಗವನ್ನು ತುಸು ತಗ್ಗಿಸಿದೊಡನೆ ನೆಮ್ಮದಿಯಾಗುವುದೂ ಕೇವಲ ಭಾವನೆಯಲ್ಲ. ಇಂಥ ಗಾಳಿಸದ್ದಿನ ಶಕ್ತಿಯು ಹೆಚ್ಚುಕಡಮೆ ವೇಗದ ಆರನೆಯ ಘಾತಕ್ಕೆ ಅನುಸಾರವಾಗಿ ಬೆಳೆಯುವುದರಿಂದ, 80ರಿಂದ 100 ಕಿಲೋಮೀಟರಿಗೆ ಹೋಗುವಷ್ಟರಲ್ಲಿ ಅದು ನಾಲ್ಕು ಪಟ್ಟಿನ ಸಮೀಪಕ್ಕೆ ಬರುತ್ತದೆ.

ಗಾಳಿಯು ಸದ್ದು ಮಾಡುವುದಷ್ಟೇ ಅಲ್ಲ, ಮುಚ್ಚಳವನ್ನು ಮೇಲಕ್ಕೆ ಸೆಳೆಯುತ್ತದೆ ಕೂಡ. 100 ಕಿಲೋಮೀಟರ್ ವೇಗದಲ್ಲಿ ಗಾಳಿಯ ಚಲನೆಯ ಒತ್ತಡವು ಚದರ ಮೀಟರಿಗೆ ಸುಮಾರು 47 ಕಿಲೋಗ್ರಾಮಿನ ಭಾರಕ್ಕೆ ಸಮ. ಅಷ್ಟೇ ಪ್ರಮಾಣದ ಸೆಳೆತವು ದೊಡ್ಡ ಬೆಳಕಿಂಡಿಯ ಮುಚ್ಚಳದ ಮೇಲೆಲ್ಲ ಬಿದ್ದಿತೆಂದರೆ ಮೂವತ್ತು ಕಿಲೋಗ್ರಾಮಿನ ಹತ್ತಿರದ ಬಲವು ಅದನ್ನು ಕೀಳಲು ಎಳೆಯುತ್ತಿರುತ್ತದೆ. ಅದನ್ನು ಹಿಡಿದಿಡುವುದು ಎರಡೋ ಮೂರೋ ಪ್ಲಾಸ್ಟಿಕ್ಕಿನ ಚಿಲಕಗಳು. ಚಿಲಕ ಸವೆದರೆ ಮುಚ್ಚಳವು ಓಡುವಾಗ ಮಾತ್ರ ಕೂದಲೆಳೆಯಷ್ಟು ಏಳುವುದು, ನಿಂತೊಡನೆ ಕುಳಿತುಕೊಳ್ಳುವುದು. ನಿಂತ ವಾಹನವನ್ನು ಎಷ್ಟು ಪರೀಕ್ಷಿಸಿದರೂ ದೋಷ ಕಾಣದಿರುವುದು ಇದರಿಂದಲೇ.

ಆದುದರಿಂದ ಪರೀಕ್ಷೆ ರಸ್ತೆಯ ಮೇಲೆಯೇ ಆಗಬೇಕು. ಬಣ್ಣ ಬಳಿಯುವವರು ಗೋಡೆಯ ಅಂಚಿಗೆ ಹಚ್ಚುವ ಕಾಗದದ ಅಂಟುಪಟ್ಟಿಯ ಒಂದು ಸುರುಳಿ ಇದಕ್ಕೆ ಸಾಕು. ನಮ್ಮ ಚಾವಣಿಯ ಮೇಲೆ ಮೂರು ಬೆಳಕಿಂಡಿಗಳಿದ್ದುವು. ಗಾಳಿಯಿಲ್ಲದ ಒಂದು ಭಾನುವಾರ ಬೆಳಗ್ಗೆ ಮೊದಲನೆಯದರ ಮುಂದಿನ ಅಂಚಿಗೆ ಮಾತ್ರ ಪಟ್ಟಿ ಹಚ್ಚಿ, ಅದೇ ಹೆದ್ದಾರಿಯ ಅದೇ ತುಣುಕಿನಲ್ಲಿ ಅದೇ ವೇಗದಲ್ಲಿ ಓಡಿಸಿದೆವು, ಸಿಳ್ಳು ಬಂದಿತು. ಪಟ್ಟಿಯನ್ನು ತೆಗೆದು ಎರಡನೆಯದಕ್ಕೆ ಹಚ್ಚಿದೆವು, ಸಿಳ್ಳು ನಿಂತಿತು. ಅಳಿಯನು ನಂಬದೆ ಪಟ್ಟಿಯನ್ನು ಕಿತ್ತು ಮತ್ತೊಮ್ಮೆ ಓಡಿಸಿದ, ಅದು ಮರಳಿತು. ಕಳ್ಳನ ಮನೆ ತಿಳಿದ ಮೇಲೆ ಬಾಗಿಲನ್ನು ಹುಡುಕುವುದು ಕಷ್ಟವಲ್ಲ. ಮುಚ್ಚಳಕ್ಕೂ ಚೌಕಟ್ಟಿಗೂ ನಡುವೆ ಕಾಗದದ ಚೀಟಿಯನ್ನಿಟ್ಟು ಚಿಲಕ ಹಾಕಿ ಎಳೆದು ನೋಡಿದಾಗ, ಹಿಂದಿನ ಮತ್ತು ಪಕ್ಕದ ಅಂಚುಗಳಲ್ಲಿ ಚೀಟಿ ಬಿಗಿಯಾಗಿ ನಿಂತಿತು, ಮುಂದಿನ ಬಲಮೂಲೆಯಲ್ಲಿ ಮಾತ್ರ ಜಾರಿ ಕೈಗೆ ಬಂದಿತು. ಅಲ್ಲಿ ರಬ್ಬರಿನ ಪಟ್ಟಿಯು ವರ್ಷಗಳ ಒತ್ತಡದಿಂದ ಚಪ್ಪಟೆಯಾಗಿ, ಬೆರಳಿನಿಂದ ಒತ್ತಿದರೆ ಮತ್ತೆ ಏಳದಷ್ಟು ಜಡವಾಗಿತ್ತು.

ಹೊಸ ರಬ್ಬರ್ ಪಟ್ಟಿ ಹಾಕಿ, ಚಿಲಕಗಳನ್ನು ಬದಲಾಯಿಸಿದೆವು. ಈ ರಬ್ಬರಿಗೆ ಸಿಲಿಕೋನಿನ ಜಿಡ್ಡನ್ನೋ ಟಾಲ್ಕಂ ಪುಡಿಯನ್ನೋ ವರ್ಷಕ್ಕೊಮ್ಮೆ ಸವರುವುದು ಹಿತ. ಯಂತ್ರಕ್ಕೆ ಹಾಕುವ ಖನಿಜತೈಲ ಅದನ್ನು ಉಬ್ಬಿಸಿ ಕೊಳೆಸುತ್ತದೆ. ಇಷ್ಟರಿಂದಲೂ ಸಿಳ್ಳು ಹೋಗದಿದ್ದರೆ ಬೆಳಕಿಂಡಿಯ ಮುಂದೆ, ಗಾಳಿಯನ್ನು ಮೇಲಕ್ಕೆ ಹಾಯಿಸುವಂತೆ ಓರೆಯಾದ ಒಂದು ತಡೆಪಟ್ಟಿಯನ್ನು ಚಾವಣಿಗೆ ಅಂಟಿಸುವ ಉಪಾಯವುಂಟು. ಯುರೋಪಿನ ಅಂಗಡಿಗಳಲ್ಲಿ ಅದು ಸಿದ್ಧವಾಗಿಯೇ ಸಿಗುತ್ತದೆ. ಗಡಗಡ ಸದ್ದಿನದು ಬೇರೆಯೇ ಜಾತಿ. ಅದು ಬಹುತೇಕ ಒಳಗಿನ ಸೊಳ್ಳೆಪರದೆಯ ಅಥವಾ ಮಡಿಕೆಪರದೆಯ ಸಡಿಲಾದ ಹಳಿಯಿಂದ ಬರುವುದು, ತೆಳುವಾದ ಬಟ್ಟೆಯ ಪಟ್ಟಿಯೊಂದರಿಂದ ಶಮನವಾಗುವುದು. ಮುಚ್ಚಳದ ಮೇಲೆ ಮಳೆಹನಿಗಳು ತಗಡಿನ ಮೇಲೆ ಬಿದ್ದಂತೆ ಬಡಿಯುವ ಸದ್ದಂತೂ ದೋಷವೇ ಅಲ್ಲ.

ಸಿಳ್ಳಿನ ಬಗ್ಗೆ ಇನ್ನೊಂದು ಮಾತನ್ನು ಹೇಳದೆ ಮುಂದಕ್ಕೆ ಹೋಗಕೂಡದು. ದುರಸ್ತಿಯ ದಿನ ಅಳಿಯನು ಚೌಕಟ್ಟಿನ ಸುತ್ತ ಇದ್ದ ಸಣ್ಣ ಸಣ್ಣ ಸೀಳುಗಳನ್ನು ತೋರಿಸಿ, "ಮಾವ, ಇವನ್ನೂ ಅಂಟಿನಿಂದ ಮುಚ್ಚಿಬಿಟ್ಟರೆ ಗಾಳಿಯೂ ಇಲ್ಲ, ಚಳಿಯೂ ಇಲ್ಲ ಅಲ್ಲವೇ?" ಎಂದು ಕೇಳಿದ. ಪ್ರಶ್ನೆ ಸಹಜವಾದುದು, ಚಳಿಗಾಲದ ರಾತ್ರಿ ಆ ಸೀಳುಗಳಿಂದ ನೆತ್ತಿಯ ಮೇಲೆ ಇಳಿಯುವ ತಣ್ಣನೆಯ ಗಾಳಿಯನ್ನು ನಾನೂ ಅನುಭವಿಸಿದ್ದೇನೆ. ಆದರೆ ಅವು ಸವಕಳಿಯಿಂದಾದ ಸಂದುಗಳಲ್ಲ, ಬುದ್ಧಿಪೂರ್ವಕವಾಗಿ ಬಿಟ್ಟ ವಾಯುಮಾರ್ಗಗಳು. ಮುಚ್ಚಳವನ್ನು ಭದ್ರಪಡಿಸಿದ ಮೇಲೆಯೂ ಉಸಿರಾಟದ ಗಾಳಿ ಬಂದುಹೋಗುತ್ತಿರಲೆಂದು ಅವನ್ನು ಎಂದಿಗೂ ಮುಚ್ಚದಂತೆ ರಚಿಸಿರುತ್ತಾರೆ. ಎಂಟು ಹತ್ತು ಚದರ ಮೀಟರಿನ ಆ ಕೋಣೆಯಲ್ಲಿ ನಾಲ್ವರು ಮಲಗುವರು, ಗ್ಯಾಸಿನ ಒಲೆ ಉರಿಯುವುದು. ವಿಹಾರದ ವಾಹನಗಳ ಗಾಳಿಯಾಟಕ್ಕೆಂದೇ ಯುರೋಪಿನಲ್ಲಿ ಇಎನ್ 721 ಎಂಬ ಮಾನಕವಿದ್ದು, ಚಾವಣಿಯ ಕಡೆ ಎಷ್ಟು, ನೆಲದ ಕಡೆ ಎಷ್ಟು ತೆರವಿರಬೇಕೆಂಬುದನ್ನು ಅದು ವಿಧಿಸುತ್ತದೆ. ಅರೆಬೆಂದ ಉರಿಯಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲಿದ್ದವರಿಗೆ ಅದು ಯಾವ ಸೂಚನೆಯನ್ನೂ ಕೊಡುವುದಿಲ್ಲ. ಸಿಳ್ಳಿನ ಮೂಲ ಆ ಸೀಳುಗಳೇ ಎಂದು ಸಿದ್ಧವಾದರೂ ಓಡುವ ಹೊತ್ತಿಗಷ್ಟೇ ಹೊರಗಿನಿಂದ ಪಟ್ಟಿ ಹಚ್ಚಿ, ತಂಗುವ ಸ್ಥಳದಲ್ಲಿ ಇಂಜಿನು ನಿಲ್ಲಿಸಿದೊಡನೆ ತೆಗೆಯಬೇಕು. ಕಾಯಂ ಆಗಿ ಮುಚ್ಚಕೂಡದು, ಯಾವ ಚಳಿಗೂ ಮುಚ್ಚಕೂಡದು.

ಇನ್ನು ಒಡಕಿನ ವಿಷಯ. ಅಕ್ರಿಲಿಕ್ಕಿಗೆ ಎರಡು ದೌರ್ಬಲ್ಯಗಳುಂಟು. ಬಿಸಿಲಿಗೆ ಅದು ಅಲ್ಯುಮಿನಿಯಂಗಿಂತ ಮೂರು ಪಟ್ಟು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಹಾಳೆಯು 50 ಡಿಗ್ರಿಯಷ್ಟು ಕಾದರೆ ಸುಮಾರು 3.5 ಮಿಲಿಮೀಟರ್ ಬೆಳೆಯುವುದು, ಅದೇ ಉದ್ದದ ಅಲ್ಯುಮಿನಿಯಂ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಮುಚ್ಚಳವನ್ನು ತಿರುಪಿನಿಂದ ಅತಿಯಾಗಿ ಬಿಗಿದಿದ್ದರೆ ಹಿಗ್ಗಲು ಎಡೆಯಿಲ್ಲದೆ ತಿರುಪಿನ ತೂತಿನಿಂದಲೇ ಸೀಳು ಹೊರಡುವುದು. ಎರಡನೆಯದು ಇದಕ್ಕಿಂತ ಮೋಸದ್ದು: ಸ್ಪಿರಿಟ್ಟು, ಅಮೋನಿಯ ಬೆರೆತ ಗಾಜು ಒರೆಸುವ ದ್ರವ, ಇಂಥವು ತಗುಲಿದರೆ ಅದರ ಒಡಲೊಳಗೆ ಕೂದಲಿನಷ್ಟು ಸಣ್ಣ ಬಿರುಕುಗಳ ಬಲೆಯೇ ಹರಡಿಕೊಳ್ಳುತ್ತದೆ. ನಮ್ಮ ಎರಡನೆಯ ಬೆಳಕಿಂಡಿಯನ್ನು ಕೆಳಗಿನಿಂದ ನೋಡಿದರೆ ಮಂಜು ಕವಿದಂತೆ ಇದ್ದುದನ್ನು ಕೊಳೆಯೆಂದೇ ಎಲ್ಲರೂ ಬಗೆದಿದ್ದರು. ಭೂತಗನ್ನಡಿ ಹಿಡಿದು ನೋಡಿದಾಗ ಅದು ಬೆಳ್ಳಿಯ ಎಳೆಗಳಂತೆ ಹೊಳೆಯುವ ನೂರಾರು ಬಿರುಕುಗಳ ಸಮೂಹವಾಗಿತ್ತು. ಮಗಳು ಎಷ್ಟೋ ಅಕ್ಕರೆಯಿಂದ ಅದನ್ನು ಮನೆಯ ಕಿಟಕಿಗಳಿಗೆ ಬಳಸುವ ದ್ರವದಿಂದಲೇ ಒರೆಸುತ್ತಿದ್ದಳು. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸಾಬೂನು, ಮೆತ್ತನೆಯ ಬಟ್ಟೆ, ಇವುಗಳ ಹೊರತು ಅಕ್ರಿಲಿಕ್ಕಿಗೆ ಮತ್ತೇನೂ ಬೇಡ.

ಸೀಳು ಸಣ್ಣದಾಗಿದ್ದರೆ ಅದರ ತುದಿಯಲ್ಲಿ ಎರಡು ಮೂರು ಮಿಲಿಮೀಟರಿನ ಒಂದು ತೂತನ್ನು ನಿಧಾನವಾಗಿ ಕೊರೆಯಬೇಕು. ಬಿರುಕಿನ ಚೂಪಾದ ಮೊನೆಯಲ್ಲಿ ಒಟ್ಟುಗೂಡುತ್ತಿದ್ದ ಒತ್ತಡವು ತೂತಿನ ಗುಂಡನೆಯ ಅಂಚಿನಲ್ಲಿ ಹಂಚಿಹೋಗುವುದರಿಂದ ಸೀಳು ಮುಂದಕ್ಕೆ ಓಡುವುದಿಲ್ಲ. ಅನಂತರ ಅಕ್ರಿಲಿಕ್ಕಿಗೆಂದೇ ಇರುವ ತೆಳುವಾದ ಅಂಟನ್ನು ಸೂಜಿಯಿಂದ ಸಂದಿಗೆ ಮುಟ್ಟಿಸಿದರೆ ಅದು ತಾನಾಗಿಯೇ ಉದ್ದಕ್ಕೂ ಹೀರಿಕೊಂಡು ಹರಿಯುತ್ತದೆ. ಇದು ಊರು ಸೇರುವವರೆಗಿನ ಉಪಾಯ. ಆಲಿಕಲ್ಲಿನಿಂದ ಜಜ್ಜಿಹೋದ ಮುಚ್ಚಳವನ್ನಾಗಲಿ, ಕೀಲಿನ ಬಳಿ ಸೀಳಿದ್ದನ್ನಾಗಲಿ ಹೊಸದರಿಂದ ಬದಲಿಸುವುದೇ ಸರಿ. ದಕ್ಷಿಣ ಜರ್ಮನಿಯಲ್ಲಿ ಆಲಿಕಲ್ಲು ಸಾಮಾನ್ಯ ಶತ್ರುವಲ್ಲ: 1984ರ ಜುಲೈ 12ರಂದು ಮ್ಯೂನಿಕ್ಕಿನ ಮೇಲೆ, 2013ರ ಜುಲೈ 28ರಂದು ರಾಯ್ಟ್‌ಲಿಂಗನ್ ಪ್ರದೇಶದ ಮೇಲೆ ಬಿದ್ದ ಆಲಿಕಲ್ಲುಗಳ ವಿಷಯವನ್ನು ಇಲ್ಲಿಯವರು ಇಂದಿಗೂ ಹೇಳಿಕೊಳ್ಳುತ್ತಾರೆ. ಮುಚ್ಚಳ ಮಾತ್ರ ಬಿಡಿಯಾಗಿ ಸಿಗುವುದರಿಂದ ಚೌಕಟ್ಟು ನೆಟ್ಟಗಿದ್ದರೆ ಅದನ್ನು ಕೀಳುವ ಕಾರಣವಿಲ್ಲ.

ನಮಗೆ ಆ ಕಾರಣ ಒದಗಿತು. ಮುಂದಿನ ಬಲಮೂಲೆಯಲ್ಲಿ ರಬ್ಬರು ಸತ್ತಿದ್ದ ಕಡೆಯೇ ಚೌಕಟ್ಟಿನ ಹೊರಅಂಚಿನ ಸುತ್ತ ಹಿಂದಿನ ಯಾರೋ ಸಿಲಿಕೋನನ್ನು ದಪ್ಪಗೆ ಮೆತ್ತಿದ್ದರು. ಸೋರುವ ಬೆಳಕಿಂಡಿಗೆ ಹೊರಗಿನಿಂದ ಹೀಗೆ ಮೆತ್ತುವುದು ಅತ್ಯಂತ ಸಾಮಾನ್ಯವಾದ ತಪ್ಪು. ಅದು ಹಳೆಯ ಅಂಟಿನ ಅಡಿಯಲ್ಲಿ ಆಗಲೇ ಸೇರಿರುವ ನೀರನ್ನು ಹೊರಬಿಡದೆ ಒಳಗೇ ಬಂಧಿಸುತ್ತದೆ, ಮುಂದೆ ಯಾವ ಅಂಟೂ ಅಲ್ಲಿ ಹಿಡಿಯದಂತೆ ಮೇಲ್ಮೈಯನ್ನು ಕೆಡಿಸುತ್ತದೆ. ಒಳಗಿನ ಪ್ಲೈವುಡ್ಡಿಗೆ ತೇವಮಾಪಕದ ಎರಡು ಸೂಜಿಗಳನ್ನು ಒತ್ತಿ ನೋಡಿದಾಗ 27 ಎಂದು ತೋರಿಸಿತು. ಮರದಲ್ಲಿ ತೇವವು ನೂರಕ್ಕೆ 20ನ್ನು ಮೀರಿದರೆ ಕೊಳೆಸುವ ಶಿಲೀಂಧ್ರಕ್ಕೆ ಅನ್ನವಿಟ್ಟಂತೆ. ಅಚ್ಚರಿಯೆಂದರೆ ಕಲೆ ಕಾಣಿಸಿದ್ದು ಬೆಳಕಿಂಡಿಯ ಬಳಿಯಲ್ಲಿ ಅಲ್ಲ, ಅಲ್ಲಿಂದ ಒಂದು ಮಾರು ದೂರದ ಅಲಮಾರಿನ ಮೂಲೆಯಲ್ಲಿ; ತೂತಿನ ಅಂಚಿನಲ್ಲಿ ಒಳಹೊಕ್ಕ ನೀರು ಪದರಗಳ ನಡುವೆ ಇಳಿಜಾರನ್ನು ಹುಡುಕಿಕೊಂಡು ಅಷ್ಟು ದೂರ ಪ್ರಯಾಣ ಮಾಡಿತ್ತು.

ಕೀಳುವ ಕೆಲಸಕ್ಕೆ ತಾಳ್ಮೆ ಬೇಕು. ಒಳಚೌಕಟ್ಟಿನ ತಿರುಪುಗಳನ್ನು ಬಿಚ್ಚಿದರೆ ಒಳಭಾಗ ಕೈಗೆ ಬರುವುದು. ಹೊರಚೌಕಟ್ಟನ್ನು ಮಾತ್ರ ಅಂಟು ಬಿಡುವುದಿಲ್ಲ. ಕಬ್ಬಿಣದ ಉಳಿಯನ್ನು ಹಾಕಿದರೆ ಚಾವಣಿಯ ತಗಡೇ ಗೀಚಿಹೋಗುವುದರಿಂದ, ಪ್ಲಾಸ್ಟಿಕ್ಕಿನ ಕೆರೆಕತ್ತಿಯನ್ನು ಸಂದಿಗೆ ತೂರಿಸಿ, ಬೆಚ್ಚಗೆ ಮಾಡಿಕೊಂಡು, ಅಂಗುಲ ಅಂಗುಲವಾಗಿ ಸುತ್ತುವರಿದೆವು. ಅಳಿಯನು ಏಣಿಯ ಮೇಲೆ ನಿಂತು, ಹಲಗೆಯ ಮೇಲೆ ಭಾರ ಹಾಕಿ, ಬೆಳಗಿನ ಹೊತ್ತನ್ನೆಲ್ಲ ಅದಕ್ಕೇ ಕೊಟ್ಟ. ಎದ್ದ ಮೇಲೆ ಕಂಡುದು ತೂತಿನ ಸುತ್ತಲಿನ ಮರದ ಪಟ್ಟಿಗಳು. ಮೂರು ಪಕ್ಕಗಳು ಹಳದಿಯಾಗಿ ಗಟ್ಟಿಯಾಗಿದ್ದುವು, ನಾಲ್ಕನೆಯದು ಮುಂದಿನ ಬಲಮೂಲೆಯಿಂದ ಒಂದು ಗೇಣು ಉದ್ದ ಕಪ್ಪಾಗಿ, ಬೆರಳಿನಿಂದ ಹಿಚುಕಿದರೆ ನೆನೆದ ಅವಲಕ್ಕಿಯಂತೆ ಪುಡಿಯಾಗುತ್ತಿತ್ತು. ಗಾಳಿ ಹಾಡುತ್ತಿದ್ದ ಮೂಲೆಯೂ ನೀರು ಇಳಿಯುತ್ತಿದ್ದ ಮೂಲೆಯೂ ಒಂದೇ. ಎರಡು ಬೇಸಗೆಯ ಹಿಂದೆ ಆ ಸಿಳ್ಳನ್ನು ಕೇಳಿ ಏಣಿ ಹತ್ತಿದ್ದರೆ ಆ ಮರ ಉಳಿಯುತ್ತಿತ್ತೆಂದು ನನಗೆ ಬಲವಾಗಿ ಅನಿಸಿತು.

ಕೊಳೆತಷ್ಟನ್ನು ಕಡಿದು ತೆಗೆದು, ಹೊಸ ಪಟ್ಟಿ ಕೂರಿಸುವ ಮುನ್ನ ಮೂರು ವಾರ ಆ ತೂತಿನ ಮೇಲೆ ಟಾರ್ಪಾಲನ್ನು ಡೇರೆಯಂತೆ ಎತ್ತಿ ಕಟ್ಟಿ, ಒಳಗೆ ತೇವ ಹೀರುವ ಯಂತ್ರವನ್ನು ಓಡಿಸಿದೆವು. ಒದ್ದೆ ಮರದ ಮೇಲೆ ಹೊಸ ಅಂಟು ಹಾಕಿ ಮುಗಿಸುವ ಆತುರ ಎಲ್ಲರಿಗೂ ಬರುತ್ತದೆ, ಅದನ್ನು ತಡೆಯಬೇಕು. ಅಂಟಿನ ವಿಚಾರದಲ್ಲಿ ಅಭಿಪ್ರಾಯಗಳು ಹಲವು. ಪಾಲಿಯುರಿಥೇನಿನ ಜಾತಿಯದು ಒಣಗಿ ಬಲವಾಗಿ ಕಚ್ಚುತ್ತದೆ, ಆದರೆ ಮುಂದೆ ಕೀಳುವವರನ್ನು ಅಳಿಸುತ್ತದೆ. ತಿರುಪುಗಳಿಂದ ಬಿಗಿಯುವ ಚೌಕಟ್ಟಿಗೆ ನನ್ನ ಮನಸ್ಸು ಒಪ್ಪುವುದು ಬ್ಯುಟೈಲ್ ಅಂಟನ್ನು. ಅದು ಹಲಸಿನ ಹಣ್ಣಿನ ಮೇಣದಂತೆ, ವರ್ಷಗಳು ಕಳೆದರೂ ಪೂರ್ತಿಯಾಗಿ ಗಟ್ಟಿಯಾಗದು. ಚಾವಣಿಯೂ ಚೌಕಟ್ಟೂ ಬೇರೆಬೇರೆಯಾಗಿ ಹಿಗ್ಗಿ ಕುಗ್ಗಿದರೂ ಎರಡನ್ನೂ ಬಿಡದೆ ಹಿಡಿದುಕೊಂಡು ಎಳೆದತ್ತ ಹಿಗ್ಗುವುದು.

ಹಳೆಯ ಅಂಟಿನ ಕೊನೆಯ ಚೂರೂ ಹೋಗುವಂತೆ ಚಾವಣಿಯ ತಗಡನ್ನು ಒರೆಸಿದೆವು. ಇಲ್ಲಿ ಸ್ಪಿರಿಟ್ಟು ಸಲ್ಲುತ್ತದೆ, ಏಕೆಂದರೆ ಇದು ತಗಡು. ಆ ಬಟ್ಟೆಯನ್ನೇ ಮುಚ್ಚಳಕ್ಕೆ ಮುಟ್ಟಿಸಕೂಡದು. ಚೌಕಟ್ಟಿನ ಅಡಿಗೆ ಅಂಟನ್ನು ಎಲ್ಲಿಯೂ ಕಡಿಯದ ಒಂದೇ ಹುರಿಯಾಗಿ ಸುತ್ತ ಹಾಕಿ, ತಿರುಪಿನ ತೂತುಗಳನ್ನು ಬಳಸಿ ಇನ್ನೊಂದು ಸುತ್ತು ಕೊಟ್ಟು, ತೂತಿನ ಮೇಲೆ ನೇರವಾಗಿ ಇಳಿಸಿ ಕೂರಿಸಿದೆವು. ತಿರುಪುಗಳನ್ನು ಕಾರಿನ ಚಕ್ರದ ನಟ್ಟುಗಳನ್ನು ಬಿಗಿಯುವಂತೆ ಕರ್ಣಕ್ಕೆ ಕರ್ಣ, ಸ್ವಲ್ಪ ಸ್ವಲ್ಪವಾಗಿ, ಮೂರು ಸುತ್ತಿನಲ್ಲಿ ಬಿಗಿಯಬೇಕು. ಒಂದೇ ಸಲ ಬಲ ಹಾಕಿದರೆ ಅಂಟೆಲ್ಲ ಹೊರಕ್ಕೆ ಹಿಂಡಿಹೋಗಿ ನಡುವೆ ಏನೂ ಉಳಿಯುವುದಿಲ್ಲ, ಚೌಕಟ್ಟೂ ಬಾಗುತ್ತದೆ. ಚಾವಣಿಯ ದಪ್ಪವನ್ನು ಮೊದಲೇ ಅಳೆದು ಅದಕ್ಕೆ ಒಪ್ಪುವ ಉದ್ದದ ತಿರುಪನ್ನು ತರದಿದ್ದರೆ ಒಂದೋ ಅದು ಹಿಡಿಯುವುದಿಲ್ಲ, ಇಲ್ಲವೆ ಹೊರಚೌಕಟ್ಟನ್ನು ತೂರಿಕೊಂಡು ಹೊಸ ಸೋರಿಕೆಗೆ ದಾರಿ ಮಾಡುತ್ತದೆ. ಸುತ್ತಲೂ ಒಂದೇ ಸಮನಾಗಿ ಉಕ್ಕಿ ಬಂದ ಅಂಟನ್ನು ಆ ದಿನವೇ ಕೊಯ್ಯದೆ ಹಾಗೆಯೇ ಬಿಟ್ಟೆವು. ಕೆಲವು ದಿನ ಬಿಸಿಲು ಚಳಿಗಳನ್ನುಂಡು ಚೌಕಟ್ಟು ಇನ್ನಷ್ಟು ಕುಳಿತ ಮೇಲೆ ಮಗಳು ಅದನ್ನು ಪ್ಲಾಸ್ಟಿಕ್ಕಿನ ಕತ್ತಿಯಿಂದ ದಾರ ಹಿಡಿದಂತೆ ನೆಟ್ಟಗೆ ಕೊಯ್ದಳು.

ಸೋರಿದ್ದ ಅಲಮಾರಿನ ಬಾಗಿಲ ಒಳಬದಿಯಲ್ಲಿ ಈಗ ಪೆನ್ಸಿಲಿನಿಂದ ಬರೆದ ಅಂಕಿಗಳ ಒಂದು ಸಾಲಿದೆ. ಮೊದಲನೆಯದು ನನ್ನ ಕೈಬರಹ, 27, ಅದರ ಕೆಳಗೆ ಅಳಿಯನದು, 24, ಅನಂತರ 19, ಅಂಟು ಹಾಕಿದ ದಿನ 15. ಮೊನ್ನೆ ಬೋಡನ್ ಸರೋವರದ ದಡದಲ್ಲಿ ಎರಡು ರಾತ್ರಿ ಎಡೆಬಿಡದೆ ಮಳೆ ಹೊಯ್ದ ಮೇಲೆ, ಮೊಮ್ಮಗಳು ಸ್ಟೂಲಿನ ಮೇಲೆ ನಿಂತು ಮಾಪಕದ ಸೂಜಿಗಳನ್ನು ತಾನೇ ಒತ್ತಿ ಓದಿ, ದೊಡ್ಡ ವಕ್ರಾಕ್ಷರಗಳಲ್ಲಿ 13 ಎಂದು ಬರೆದಿದ್ದಾಳೆ. ಅದರ ಕೆಳಗೆ ಮಗಳು ಸ್ಕೇಲಿಟ್ಟು ಇನ್ನೂ ಹತ್ತು ಗೆರೆಗಳನ್ನು ಎಳೆದಿದ್ದಾಳೆ, ವರ್ಷಕ್ಕೆ ಎರಡರಂತೆ.